ಊಟವಾದ ಮೇಲಿನ ಎಣಿಕೆ

ಕೋಯಮುತ್ತೂರಿನ ಗಣಪತಿ ಬಡಾವಣೆಯ ಪಂಪ್ ವರ್ಕ್‌ಶಾಪಿನಲ್ಲಿ ಕಲೈಸೆಲ್ವಿ ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಾಳೆ. ಸುತ್ತುಗಳನ್ನು ಬಾಯಲ್ಲೇ ಎಣಿಸಬೇಕು. ತಪ್ಪಿದರೆ ಅಷ್ಟನ್ನೂ ಬಿಚ್ಚಿ ಮತ್ತೆ ಮೊದಲಿನಿಂದ. ಬೆಳಗ್ಗೆ ತಪ್ಪಿದ್ದೇ ಇಲ್ಲ. ಸಾಂಬಾರು, ರಸ, ಮೊಸರು ಅಂತ ಮೂರು ಸಲ ಅನ್ನ ಕಲಸಿ ಉಂಡು ಕೂತರೆ ಮಾತ್ರ, ಮೂವತ್ತು ದಾಟುವಷ್ಟರಲ್ಲಿ ಕಣ್ಣು ಎಳೆಯುತ್ತಿತ್ತು.

ಅನ್ನ ಕಮ್ಮಿ ಮಾಡಿ ನೋಡಿದಳು. ನಾಲ್ಕು ಗಂಟೆಗೆ ಹೊಟ್ಟೆ ತಾಳ ಹಾಕಿತು. ಬಿಸಿಲಲ್ಲಿ ನಡೆದು ಬಂದಳು. ಫ್ಯಾನಿನ ಕೆಳಗೆ ಕೂತದ್ದೇ ಇನ್ನೂ ಸೊಗಸಾದ ನಿದ್ದೆ.

ಕೊನೆಗೊಂದು ದಿನ ಎಣಿಕೆ ತಪ್ಪಿಸುವ ಕಳ್ಳ ಸಿಕ್ಕಿಬಿದ್ದ. ಮನೆಯಲ್ಲಿ ಆಡುವುದು ಕನ್ನಡವಾದರೂ ಲೆಕ್ಕ ಶಾಲೆಯಲ್ಲಿ ಕಲಿತ ತಮಿಳಿನದು. ಅದು ಎಷ್ಟು ರೂಢಿಯೆಂದರೆ, ಅವಳು ತೂಕಡಿಸಿ ಕೈ ನಿಂತರೂ ಬಾಯಿ ತನ್ನ ಪಾಡಿಗೆ ಎಣಿಸುತ್ತಿತ್ತು. ಅಂದಿನಿಂದ ಊಟವಾದ ಮೇಲೆ ಕನ್ನಡದಲ್ಲೇ ಎಣಿಕೆ. ಮೂವತ್ತಾರು, ಮೂವತ್ತೇಳು ಅಂತ ಒಂದೊಂದನ್ನೂ ಹುಡುಕಿ ತರಬೇಕು. ಹುಡುಕುವವಳಿಗೆ ನಿದ್ದೆ ಎಲ್ಲಿಂದ ಬರಬೇಕು?

ವಾರವಿಡೀ ಅವಳ ಒಂದು ಸುತ್ತೂ ತಪ್ಪಲಿಲ್ಲ. ತಪ್ಪಿದ್ದು ಪಕ್ಕದ ಮೇಜಿನ ಧನಪಾಲನದು. "ಅಕ್ಕಾ, ಮನಸಿನಲ್ಲೇ ಎಣಿಸಿ," ಎಂದ ಅವನು ಕಣ್ಣುಜ್ಜುತ್ತ, ತಮಿಳಿನಲ್ಲಿ. "ಅರ್ಥವಾಗದ ಮಾತು, ಒಂದೇ ರಾಗ. ನಮ್ಮಮ್ಮ ತೊಟ್ಟಿಲು ತೂಗಿದ ಹಾಗಾಗುತ್ತೆ."