ಡಾಕ್ಟರಮ್ಮನ ಹಸಿರು ದಾರ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಬ್ಬಿಣದ ಗೇಟು ಮಾಡುವ ಶೆಡ್ಡಿನಲ್ಲಿ ಒಬ್ಬಾಕೆ ಕಬ್ಬಿಣ ಉಜ್ಜುವ ಗ್ರೈಂಡರೊಂದನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಅದರ ವೈರನ್ನು ತುದಿಯಿಂದ ತುದಿಗೆ ಬೆರಳಲ್ಲಿ ಸವರುತ್ತಿದ್ದಾರೆ. ವೈರು ಎಲ್ಲಾದರೂ ಸುಲಿದಿದೆಯೇ? ಚಕ್ರದಲ್ಲಿ ಕೂದಲೆಳೆಯಷ್ಟಾದರೂ ಬಿರುಕಿದೆಯೇ? ಮೇಲಿನ ಕವಚ ಭದ್ರವೇ? ಎಲ್ಲ ಸರಿಯಿದ್ದರೆ ಹಿಡಿಗೊಂದು ಹಸಿರು ದಾರ. ದಾರವಿಲ್ಲದ ಮೆಷಿನ್ನನ್ನು ಯಾರೂ ಮುಟ್ಟುವಂತಿಲ್ಲ. ಸಂಜೆ ದಾರಗಳನ್ನೆಲ್ಲ ಬಿಚ್ಚಿಡುತ್ತಾರೆ, ನಾಳೆ ಮತ್ತೆ ಮೊದಲಿನಿಂದ. ಶೆಡ್ಡಿನವರು ಇವರಿಗಿಟ್ಟ ಹೆಸರು ‘ಡಾಕ್ಟರಮ್ಮ’.

ಮೊದಮೊದಲು ಅದು ಗೇಲಿಯ ಹೆಸರೇ. ಇದೇ ಶೆಡ್ಡಿನಲ್ಲಿ ಚಕ್ರ ಸಿಡಿದು ಇವರ ಗಂಡನ ಎರಡು ಬೆರಳು ಹೋದವು. ಅವರೀಗ ಮೂಲೆಯಲ್ಲಿ ಗೇಟುಗಳಿಗೆ ಬಣ್ಣ ಬಳಿಯುತ್ತಾರೆ. ಹೆಂಡತಿ ಹಟ ಹಿಡಿದು ಈ ಕೆಲಸ ಕಲಿತರು. "ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು ಅಂತಾರಲ್ಲ, ಹಾಗಾಯ್ತು ನಮ್ದು. ಉರಿಯೋ ಒಲೆ ಆರಿಸೋದು ಯಾಕೆ, ಬೇರೆಯವ್ರಿಗಾದ್ರೂ ಆಗ್ಲಿ ಅಂದ್ಕೊಂಡೆ" ಎಂದು ನಗುತ್ತಾರೆ.

ಬಿಸಿಲೇರಿದೆ. ಗೇಟು ಒಯ್ಯಲು ಬಂದ ಲಾರಿ ಬಾಗಿಲಲ್ಲೇ ಹಾರ್ನ್ ಹೊಡೆಯುತ್ತಿದೆ. ಡಾಕ್ಟರಮ್ಮನ ಮೈದುನ, ಶೆಡ್ಡಿಗೇ ಚುರುಕು ಕೈಯವನು, ಕೊನೆಯ ಗೇಟನ್ನು ಉಜ್ಜುತ್ತಿದ್ದಾನೆ. ಅಷ್ಟರಲ್ಲಿ ಕರೆಂಟು ಕೈಕೊಡುತ್ತದೆ. ಅವನು ಗ್ರೈಂಡರನ್ನು ಗೇಟಿನ ಮೇಲೇ ಇಟ್ಟು, ಸರಳು ಒರೆಸಲು ಅದರ ಪಕ್ಕಕ್ಕೇ ಮುಖ ತಂದು ಬಗ್ಗುತ್ತಾನೆ. ಡಾಕ್ಟರಮ್ಮನ ಕಣ್ಣು ಸ್ವಿಚ್ಚಿನ ಮೇಲೆ ಬೀಳುತ್ತದೆ. ಒತ್ತಿ ಹಿಡಿದು ಬೆರಳು ನೋಯುತ್ತದೆಂದು, ದಾರ ಕಟ್ಟಿಸಿಕೊಂಡ ಮೇಲೆ, ಅವನು ಸ್ವಿಚ್ಚು ಒತ್ತಿಯೇ ಇರುವಂತೆ ತಂತಿ ಬಿಗಿದಿದ್ದಾನೆ! ಕರೆಂಟು ಬಂದರೆ ಚಕ್ರ ಅವನ ಮುಖದ ಪಕ್ಕದಲ್ಲೇ ತಿರುಗುತ್ತದೆ.

ಆಕೆ ಒಂದೇ ಓಟಕ್ಕೆ ಹೋಗಿ ಪ್ಲಗ್ಗು ಕಿತ್ತಿದ್ದೇ ತಡ, ಕರೆಂಟು ಬರುತ್ತದೆ. ದೀಪ ಹತ್ತುತ್ತವೆ, ಫ್ಯಾನು ತಿರುಗುತ್ತವೆ. ಗ್ರೈಂಡರು ಮಾತ್ರ ಮಲಗಿದಲ್ಲೇ ಮಲಗಿದೆ.

"ಒಂದೇ ಒಂದು ಗೇಟು ಉಳಿದಿತ್ತಲ್ಲಾ ಅತ್ತಿಗೆ..." ಮೈದುನ ಗ್ರೈಂಡರಿನಿಂದ ಹಿಂದೆ ಸರಿಯುತ್ತಾನೆ.

"ತಂತಿ ಬಿಚ್ಚಪ್ಪ ಮೊದ್ಲು. ಲಾರಿ ಕಾಯುತ್ತೆ. ಕರೆಂಟೇನು ನಿನ್ನ ಕೇಳ್ಕೊಂಡು ಬರುತ್ತಾ?"

ಯಾರೋ ಸಿಳ್ಳೆ ಹಾಕುತ್ತಾರೆ. ಬಣ್ಣದ ಮೂಲೆಯಿಂದ ಗಂಡ ಬ್ರಷ್ ಎತ್ತಿ, "ಶಹಬ್ಬಾಸ್ ಡಾಕ್ಟರಮ್ಮ!" ಎಂದು ಕೂಗುತ್ತಾರೆ. ಶೆಡ್ಡಿಗೆ ಶೆಡ್ಡೇ ಚಪ್ಪಾಳೆ ತಟ್ಟುತ್ತದೆ. ಆಕೆ ಮಾತ್ರ ಗ್ರೈಂಡರನ್ನು ಮತ್ತೆ ತೊಡೆಗೆ ಎಳೆದುಕೊಂಡು ವೈರು ಸವರತೊಡಗುತ್ತಾರೆ. ಪರೀಕ್ಷೆ ಮುಗಿದು ಹೊಸ ದಾರ ಬೀಳುವವರೆಗೆ ಲಾರಿಯವನು ಹಾರ್ನ್ ಮುಟ್ಟುವುದಿಲ್ಲ.

ನಿಮಗೇನು ಆಸೆ ಎಂದು ಕೇಳಿದರೆ, ಡಾಕ್ಟರಮ್ಮ ಗೋಡೆಯ ಪ್ರಥಮ ಚಿಕಿತ್ಸೆ ಪೆಟ್ಟಿಗೆಯತ್ತ ಕೈ ತೋರಿಸುತ್ತಾರೆ.

"ಅದ್ರಲ್ಲಿರೋ ಹತ್ತಿ ಬಳಸದೇ ಹಳದಿಯಾಗಿದೆ. ನಾಳೆ ಹೊಸ್ದು ತಂದಿಡ್ತೀನಿ. ಅದೂ ಹಾಗೇ ಹಳದಿಯಾಗ್ಲಿ."