ಪಾಳಿಯಲ್ಲಿ ಹಿಂದೆ ನಿಂತವರು

ಗಿರಣಿ ಆಯಿಯ ಬಲಗೈ ತೋರುಬೆರಳು ಅರ್ಧವೇ ಇತ್ತು. ಉಳಿದರ್ಧವನ್ನು ಯಾವ ಕಾಲದಲ್ಲೋ ಗಿರಣಿಯ ಚಕ್ರ ತಿರುಗಿಸುವ ಪಟ್ಟಾ ನುಂಗಿ ಹಾಕಿತ್ತು. ಆದರೂ ಯಾರನ್ನಾದರೂ ಬೈಯಬೇಕಾದಾಗ ಆಕೆ ಎತ್ತುತ್ತಿದ್ದದ್ದು ಅದೇ ಬೆರಳನ್ನು. ತುದಿ ಗಂಟುಕಟ್ಟಿದ, ಮೇಲೆ ಜೋಳದ ಹಿಟ್ಟು ಮೆತ್ತಿದ ಆ ಮೋಟು ಬೆರಳು ನಮ್ಮ ಕಡೆ ತಿರುಗಿತೆಂದರೆ, ಇಲ್ಲದ ಆ ಅರ್ಧವೇ ಬಂದು ಎದೆಗೆ ಚುಚ್ಚಿದ ಹಾಗಾಗುತ್ತಿತ್ತು. ಹುಬ್ಬು, ರೆಪ್ಪೆ, ಕೊರಳಲ್ಲಿ ನೇತಾಡುವ ಲಿಂಗದ ಕರಡಿಗೆ ಎಲ್ಲ ಹಿಟ್ಟಿನಿಂದ ಬಿಳಿಚಿ, ಕಣ್ಣು ಮಾತ್ರ ಕೆಂಡದ ಹಾಗೆ ಇರುತ್ತಿದ್ದವು.

ನಾನು ಔರಾದ ಕಡೆಯಿಂದ ಭಾಲ್ಕಿ ತಾಲೂಕಿನ ಆ ಊರಿಗೆ ಸೊಸೆಯಾಗಿ ಬಂದವಳು. ನಮ್ಮೂರ ಕಡೆ ಹಿರಿಯರ ಮಡಿಲಲ್ಲಿ ಬೆಳೆದ ನನಗೆ ಸಿಹಿ ಮಾತೊಂದೇ ಗೊತ್ತಿದ್ದ ವಿದ್ಯೆ. ಮದುವೆಯಾದ ಹೊಸದರಲ್ಲಿ ಜೋಳದ ಡಬ್ಬಿ ಹೊತ್ತು ಗಿರಣಿಗೆ ಹೋದೆ. ಬಾಗಿಲಿನಿಂದ ಬೇವಿನ ಮರದವರೆಗೆ ಡಬ್ಬಿಗಳ ಸಾಲು. ಮನುಷ್ಯರು ಒಬ್ಬರೂ ಇಲ್ಲ. ಡಬ್ಬಿ ಇಟ್ಟು ಹೋದರೆ ಆಯಿತು, ಅದೇ ನಮ್ಮ ಬದಲು ಪಾಳಿ ನಿಲ್ಲುತ್ತದೆ ಎನ್ನುವ ರೂಢಿ ನನಗೇನು ಗೊತ್ತು? ನಗುನಗುತ್ತ ನನ್ನದನ್ನು ಒಳಗೆ ಒಯ್ದು ಇಟ್ಟೆ. ಆಯಿ ಎದ್ದವಳೇ ಡಬ್ಬಿಯನ್ನು ಕಾಲಿನಿಂದ ನೂಕುತ್ತ ನೂಕುತ್ತ ಬೇವಿನ ಮರದತನಕ ತಂದು ನಿಲ್ಲಿಸಿದಳು.

“ಯಾ ಊರಾಕಿ ನೀ?”

“ಔರಾದ ಕಡಿಯಾಕಿರಿ ಆಯಿ.”

“ಔರಾದದಾಗ ಪಾಳಿ ಅನ್ನೋದು ಇರಂಗಿಲ್ಲೇನು? ನಕ್ಕೋತ ಬಂದರ ಜ್ವಾಳ ತಾನೇ ಬೀಸಿಕೋತದೇನು?”

ಅಂದಿನಿಂದ ನಾನು ಊರಿಗೆಲ್ಲ ‘ಔರಾದದಾಕಿ’. ಅದೇನು ನನ್ನೊಬ್ಬಳ ಪಾಡಲ್ಲ. ಆ ಊರಲ್ಲಿ ಸೊಸೆಯಂದಿರಿಗೆ ಹೆಸರಿಲ್ಲ, ತವರೂರೇ ಹೆಸರು. ನಮ್ಮತ್ತೆ ‘ಉದಗೀರದಾಕಿ’, ಹಲ್ಲು ಬಿದ್ದು ಮೊಮ್ಮಕ್ಕಳಾದರೂ ಉದಗೀರದಾಕಿಯೇ. ಪಂಚಾಯ್ತಿ ಮೆಂಬರನ ಹೆಂಡತಿ ‘ಕಮಠಾಣದಾಕಿ’. ಗಿರಣಿ ಆಯಿಯೂ ಗಡಿಯಾಚೆ ದೇಗಲೂರ ಕಡೆಯಿಂದ, ಒಂದಕ್ಷರ ಕನ್ನಡ ಬಾರದೆ ಬಂದವಳಂತೆ. ಗಂಡ ಸತ್ತ ಮೇಲೆ ಮೈದುನರು ಗಿರಣಿ ಕೇಳಿದಾಗ ಆಕೆ ಮೊದಲು ಕಲಿತ ಕನ್ನಡವೇ ಬೈಗುಳ ಎಂದು ಹಳಬರು ನಗುತ್ತಿದ್ದರು.

ಕಬ್ಬಿನ ಸುಗ್ಗಿ ಬಂತೆಂದರೆ ಬೀಡ ಜಿಲ್ಲೆಯ ಕಡೆಯಿಂದ ಕಬ್ಬು ಕಡಿಯುವ ಟೋಳಿಗಳು ಟ್ರ್ಯಾಕ್ಟರಿನಲ್ಲಿ ಬಂದಿಳಿಯುತ್ತಿದ್ದವು. ರಸ್ತೆ ಬದಿಯ ಬೀಳು ಹೊಲದಲ್ಲಿ ಕಬ್ಬಿನ ಒಣ ಗರಿಯ ರವದಿ, ಹಳೇ ಸೀರೆ, ಪ್ಲಾಸ್ಟಿಕ್ಕು ಹೊದಿಸಿದ ಗುಡಿಸಲುಗಳು. ಅವರು ಕಡಿದರೆ ತಾನೆ ನಮ್ಮ ಕಬ್ಬು ಕಾರ್ಖಾನೆ ಮುಟ್ಟುವುದು? ಹಗಲೆಲ್ಲ ಅವರ ಕೈ ಬೇಕು, ಸಂಜೆಗೆ ಅವರ ಮುಖ ಬೇಡ. ಇದು ಊರಿನ ರೀತಿ.

ಆ ವರ್ಷ ಯಾರದೋ ಹೊಲದ ಮೋಟಾರಿನ ಕೇಬಲ್ ಕಳುವಾಯಿತು. ಕದ್ದವರು ಯಾರೆಂದು ಇಂದಿಗೂ ಗೊತ್ತಿಲ್ಲ. ಗೊತ್ತಾಗಲಿ ಎಂದು ಯಾರೂ ಬಯಸಲೂ ಇಲ್ಲ. ಬೈಯಲಿಕ್ಕೆ ರಸ್ತೆ ಬದಿಯಲ್ಲೇ ಜನ ಸಿಕ್ಕಿದ್ದರಲ್ಲ! ಗುಡಿಕಟ್ಟೆಯ ಮೇಲೆ ಗಂಡಸರು ಕೂತು ತೀರ್ಮಾನ ಮಾಡಿದರು: ಹೊರಗಿನವರಿಗೆ ಊರ ಮೇಲ್ತೊಟ್ಟಿಯ, ಅಂದರೆ ಟಾಕಿಯ, ನೀರಿಲ್ಲ, ಗಿರಣಿಯಲ್ಲಿ ಅವರ ಕಾಳು ಬೀಸಕೂಡದು, ಕಿರಾಣಿ ಅಂಗಡಿಯವರು ಸಾಮಾನು ಕೊಡಕೂಡದು. ಬೇಸತ್ತು ತಾವಾಗಿಯೇ ಜಾಗ ಬಿಡಲಿ ಎಂದು. ಟಾಕಿಯ ಕೆಳಗಿನ ನಳಕ್ಕೆ ಮೆಂಬರ ತನ್ನ ಕೈಯಾರೆ ಕೀಲಿ ಜಡಿದ. ವೇದಿಕೆ ಸಿಕ್ಕಲ್ಲೆಲ್ಲ “ಇದು ಶರಣರು ನಡೆದಾಡಿದ ನೆಲ” ಎಂದು ಭಾಷಣ ಹೊಡೆಯುತ್ತಿದ್ದ ಮನುಷ್ಯ. ಊರಿನವರಿಗಾಗಿ ಬೆಳಿಗ್ಗೆ ಸ್ವಲ್ಪ ಹೊತ್ತು ಕೀಲಿ ತೆಗೆಯುವುದು, ಆಮೇಲೆ ಹಾಕಿಕೊಂಡು ಹೋಗುವುದು.

ಗಿರಣಿಗೆ ಹೇಳಲು ಅವನೇ ಬಂದ. ನಾನು ಹಿಟ್ಟು ತುಂಬಿಕೊಳ್ಳುತ್ತಿದ್ದೆ.

“ಆಯಿ, ನಾಳಿಂದ ಆ ಕಬ್ಬಿನ ಮಂದಿದು ಬೀಸಬ್ಯಾಡ. ಊರಿನ ಫೈಸಲಾ ಆಗ್ಯಾದ.”

“ಊರಂದರ ಯಾರೋ? ಕಟ್ಟಿ ಮ್ಯಾಲ ಕುಂತು ತಂಬಾಕು ತಿಕ್ಕಾವ್ರಾ?”

“ಎಲ್ಲಾರೂ ಸೇರಿ ಮಾಡಿದ್ದು.”

“ನಾ ಬಂದಿಲ್ಲ. ಈ ಔರಾದದಾಕಿ ಬಂದಿಲ್ಲ. ನಿನ್ನ ಕಮಠಾಣದಾಕಿನ್ನ ಕೇಳಿದ್ದೇನು? ಹೋಗು, ಡಬ್ಬಿ ತಂದಿದ್ದರ ಪಾಳಿಗಿ ಇಡು. ಇಲ್ಲಂದ್ರ ಬಾಗಿಲ ಬಿಡು, ಗಾಳಿ ಬರಲಿ.”

ಅವನ ಮುಖ ಕಪ್ಪಿಟ್ಟಿತು. “ನಿನ್ನ ಗಿರಣಿ ಹ್ಯಾಂಗ ನಡೀತದ ನೋಡ್ತೇನಿ.”

“ಕರೆಂಟಿನ ಮ್ಯಾಲ ನಡೀತದೋ ಭಾಡ್ಯಾ, ನಿನ್ನ ಮ್ಯಾಲಲ್ಲ!”

ಮಾರನೆಯ ದಿನ ಬೇವಿನ ಮರದತನಕ ಬರುತ್ತಿದ್ದ ಸಾಲು ಬಾಗಿಲ ಬಳಿಗೇ ಮುಗಿದಿತ್ತು. ಇದ್ದದ್ದು ಟೋಳಿಯವರ ಸೊಟ್ಟ ಡಬ್ಬಿಗಳಷ್ಟೆ. ಊರ ಹೆಂಗಸರು ತಲೆಯ ಮೇಲೆ ಜೋಳ ಹೊತ್ತು ಪಕ್ಕದೂರಿನ ಗಿರಣಿಗೆ ನಡೆಯತೊಡಗಿದರು. ತೀರ್ಮಾನ ಗಂಡಸರದು, ಕುತ್ತಿಗೆ ನೋವು ಹೆಂಗಸರದು. ಒಂದು ಬೆಳಿಗ್ಗೆ ನೋಡಿದರೆ ಯಾರೋ ಗಿರಣಿಯ ಪಟ್ಟಾ ಕೊಯ್ದು ಹೋಗಿದ್ದರು. ಆಯಿ ಬಾಗಿಲಲ್ಲಿ ಕೂತು ದಬ್ಬಣದಿಂದ ಅದನ್ನು ಹೊಲಿಯುತ್ತ, ಒಂದೊಂದು ಹೊಲಿಗೆಗೆ ಒಂದೊಂದು ಮನೆಯ ಕಡೆ ಮುಖ ಮಾಡಿ, ಆ ಮನೆತನದ ಹಿಂದು ಮುಂದನ್ನೆಲ್ಲ ಎತ್ತಿ ಆಡಿದಳು.

ನಾನು ಮನೆಯಲ್ಲಿ ಅತ್ತೆಗೂ ಮಾವನವರಿಗೂ ಮೆತ್ತಗೆ ಹೇಳಿ ನೋಡಿದೆ. ಕೇಳಿಸಿಕೊಂಡರು, ತಲೆ ಆಡಿಸಿದರು, ಡಬ್ಬಿ ಮಾತ್ರ ಪಕ್ಕದೂರಿಗೇ ಹೋಯಿತು. ಆಯಿಗೆ ಹೇಳಿದರೆ ಸಿಡುಕಿದಳು:

“ನಿನ್ನ ಬಾಯಾಗ ಬೆಲ್ಲ ಅದ, ಹಲ್ಲಿಲ್ಲ. ಬೆಲ್ಲ ಚೀಪಿ ಉಗುಳತಾರ, ಗೊತ್ತಿರಲಿ.”

ಅಷ್ಟರಲ್ಲಿ ಗುಡಿಸಲಿನಲ್ಲಿ ಒಬ್ಬ ಹುಡುಗಿ ಹೆತ್ತಳು. ಕಬ್ಬಿನ ಹೊರೆ ಇಳಿಸಿ ಬಂದವಳಿಗೆ ಅಲ್ಲೇ ಹೆರಿಗೆ. ನಳಕ್ಕೆ ಕೀಲಿ, ಟೋಳಿಯವರು ಹಳ್ಳದ ಹೊಂಡದಿಂದ ಕೆಂಪು ನೀರು ತಂದು ಸೀರೆಯಲ್ಲಿ ಸೋಸುತ್ತಿದ್ದರು. ಬಾಣಂತಿಗೆ ವಾಂತಿ ಭೇದಿ ಹತ್ತಿಕೊಂಡಿತು. ಕೂಸಿಗೆ ಹಾಲು ಬತ್ತತೊಡಗಿತು. ಸುದ್ದಿ ತಿಳಿದು ಆಯಿ ಗುಡಿಸಲಿಗೆ ಹೊರಟಾಗ ನಾನೂ ಕಾಯಿಸಿ ಆರಿಸಿದ ನೀರಿನ ಕೊಡ ಹೊತ್ತು ಹಿಂದೆ ಹೋದೆ. ಟೋಳಿಯ ಮುಕಾದಮ, ಅಂದರೆ ಆ ಜನರನ್ನು ಕರೆತಂದ ಯಜಮಾನ, ನಮ್ಮನ್ನು ಕಂಡು ಸಂತೋಷಪಟ್ಟನೆಂದುಕೊಳ್ಳಬೇಡಿ. ದಾರಿಗಡ್ಡ ನಿಂತ.

“ಆಯಿ, ಜಗಳ ಬ್ಯಾಡ್ರಿ. ನಾಕ ದಿನ ಕಡದು ಹೋಗಾವ್ರು ನಾವು. ಊರ ಮಂದಿ ಸಿಟ್ಟಾದರ ಸುಗ್ಗಿನೇ ಹೋಗ್ತದ.”

“ಈ ಕೂಸು ಹೋದರ ನಡೀತದೇನು ನಿನಗ? ಸರಿ ಬಾಜೂಕ!”

ಕೊಡದ ನೀರು ಸಂಜೆಗೆ ಮುಗಿಯಿತು. ದಿನಾ ಕದ್ದು ಒಯ್ಯುವ ಒಂದೊಂದು ಕೊಡದಿಂದ ಆ ಕೂಸು ಉಳಿಯುವಂತಿರಲಿಲ್ಲ. ನಳದ ಕೀಲಿಯೇ ತೆಗೆಯಬೇಕು. ಆಯಿ ಗಿರಣಿಯ ಹೊಸ್ತಿಲ ಮೇಲೆ ಮೋಟು ಬೆರಳಿನಿಂದ ಗದ್ದ ಕೆರೆದುಕೊಳ್ಳುತ್ತ ಕೂತಿದ್ದಳು. ಆಮೇಲೆ ಒಮ್ಮೆಲೇ ನನ್ನತ್ತ ತಿರುಗಿ, “ಅಕಿಗಿ ಗಂಗವ್ವನ ಪೂಜಿ ಮಾಡಸ್ತೇನಿ” ಅಂದಳು.

ನಮ್ಮ ಕಡೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಉಳಿದವರಿಗೆ ಹೇಳುತ್ತೇನೆ. ಹೆತ್ತವಳು ಮತ್ತೆ ನೀರಿಗೆ ಹೋಗುವ ಮುನ್ನ ಗಂಗೆಯನ್ನು ಪೂಜಿಸಬೇಕು. ಕೊಡ ಹಿಡಿದು ಹೊರಟ ಬಾಣಂತಿಯ ಮುಂದೆ ದಾರಿಯ ಯಾವ ಮನೆಯೂ ಬಾಗಿಲು ಹಾಕುವಂತಿಲ್ಲ. ಅರಿಶಿನ ಕುಂಕುಮ ಹಚ್ಚಬೇಕು, ಉಡಿ ತುಂಬಬೇಕು. ಆಕೆ ಖಾಲಿ ಕೊಡದೊಂದಿಗೆ ಹಿಂದಿರುಗಿದರೆ ಆ ಓಣಿಯ ಬಸುರಿ ಬಾಣಂತಿಯರಿಗೆಲ್ಲ ಕೇಡು. ಪೂಜೆ ಮಾಡಿದ ಮೇಲೆ ಆ ನೀರು ಆಕೆಯದು. ಬೇಡ ಎನ್ನುವ ಹಕ್ಕು ಯಾರಿಗೂ ಇಲ್ಲ.

ಒಂದು ಮುಂಜಾನೆ ಆಯಿ ಆ ಹುಡುಗಿಯ ತಲೆಗೆ ಸೆರಗು ಹೊದಿಸಿ, ಕೈಗೆ ಕೊಡ ಕೊಟ್ಟು, ಊರ ನಡುವಿನ ಓಣಿಯಲ್ಲೇ ಕರೆತಂದಳು. ಕುಲಾಯಿ ಕಟ್ಟಿದ ಕೂಸು ನನ್ನ ಕೈಯಲ್ಲಿ, ಹಕ್ಕಿಯಷ್ಟು ಹಗುರ. ಆಯಿ ಮನೆ ಮನೆಯ ಮುಂದೆ ನಿಂತು ಕೂಗಿದಳು:

“ಬಾಣಂತಿ ನೀರಿಗಿ ಹೊಂಟಾಳ್ರೇ! ಬರಾವ್ರು ಬರ್ರಿ, ಬಾಗಿಲ ಹಾಕಾವ್ರು ಹಾಕ್ರಿ. ಯಾರು ಹಾಕತೀರಿ ನಾನೂ ನೋಡ್ತೇನಿ!”

ಬಾಗಿಲುಗಳು ಅರೆಬರೆ ತೆರೆದವು. ಪ್ರೀತಿಯಿಂದ ತೆರೆದವೆಂದು ನಾನು ಹೇಳಲಾರೆ. ಹೆದರಿ ತೆರೆದವರಿದ್ದರು, ಆಯಿಯ ಬಾಯಿಗೂ ಹೆದರಿಕೆ, ಗಂಗವ್ವನಿಗೂ ಹೆದರಿಕೆ. ನಮ್ಮತ್ತೆ, ಉದಗೀರದಾಕಿ, ಗೊಣಗುತ್ತಲೇ ಅರಿಶಿನದ ಬಟ್ಟಲು ಹಿಡಿದು ಹೊರಬಂದಳು. “ಮನ್ಯಾಗ ಮಗಳು ಬಸರದಾಳ, ನಾ ಹ್ಯಾಂಗ ಸುಮ್ಮ ಕೂಡಲಿ?” ಎಂದು ಮಾವನವರ ಮುಖ ನೋಡದೆ ಅಂದಳು.

ನಳದ ಮುಂದೆ ಮೆಂಬರ ನಿಂತಿದ್ದ. ಹಿಂದೆ ಕಟ್ಟೆಯ ಗಂಡಸರು.

“ನಾಟಕ ಸಾಕು ಆಯಿ. ಇವರಿಗಿ ಇವತ್ತು ನೀರು ಕೊಟ್ಟರ ನಾಳಿ ಜಾಗ ಕೇಳತಾರ, ನಾಡದು ಓಟು. ಯಾರಿಗಿ ಹುಟ್ಟ್ಯಾವೋ, ಎಲ್ಲಿಂದ ಬಂದಾವೋ! ಅಕಿ ಏನಾಗಬೇಕು ನಿನಗ?”

ಮೋಟು ಬೆರಳು ಮೇಲೆದ್ದಿತು.

“ಪಾಳಿಯಾಗ ನನ್ನ ಹಿಂದ ನಿಂತಾಕಿ. ನಾ ದೇಗಲೂರಿಂದ ಮೊದಲ ಬಂದೆ. ಆಮ್ಯಾಗ ಈ ಉದಗೀರದಾಕಿ ಬಂದಳು. ಆಮ್ಯಾಗ ನಿನ್ನ ಕಮಠಾಣದಾಕಿ ಬಂದಳು, ಅಕಿ ಬೆನ್ನಿಗಿ ಔರಾದದಾಕಿ. ಈಗ ಈ ಬೀಡದಾಕಿ ಬಂದಾಳ. ಇಷ್ಟೇ ಫರಕ್. ಈ ಟಾಕಿ ನೀರು ಹೊತ್ತು ನಿಮಗ ಕುಡಿಸಾವ್ರೊಳಗ ಈ ಊರಾಗ ಹುಟ್ಟಿದಾಕಿ ಒಬ್ಬಾಕಿ ಇದ್ದರ ಮುಂದ ಬರಲಿ, ನಾ ತಿರುಗಿ ಹೋಗ್ತೇನಿ!”

ಯಾರೂ ಮುಂದೆ ಬರಲಿಲ್ಲ. ಬರಲಿಕ್ಕೆ ಯಾರಿದ್ದರು? ಆಗ ಗುಂಪಿನ ಹಿಂದಿನಿಂದ ಕಮಠಾಣದಾಕಿ ಬಂದಳು. ಬಾಣಂತಿಯ ಉಡಿಗೆ ಅಕ್ಕಿ ಹಾಕಿ, ಅಂಗೈ ಚಾಚಿ ಗಂಡನ ಮುಂದೆ ನಿಂತಳು.

“ಕೀಲಿ ಕೊಡ್ರಿ.”

ಅವನು ಕೊಡಲಿಲ್ಲ, ನೆಲಕ್ಕೆ ಒಗೆದು ಹೋದ. ಆಕೆ ಬಗ್ಗಿ ಎತ್ತಿಕೊಂಡು ನಳದ ಬೀಗ ತೆಗೆದಳು. ನೀರು ಬಂತು. ಬೀಡದಾಕಿ ನಳಕ್ಕೆ ಅರಿಶಿನ ಹಚ್ಚಿ ಕೈ ಮುಗಿದು, ಕೊಡ ತುಂಬಿಸುವ ಮೊದಲು ಬೊಗಸೆ ಹಿಡಿದು ಕುಡಿದಳು, ಕುಡಿದಳು, ಉಸಿರು ಕಟ್ಟುವತನಕ ಕುಡಿದಳು.

ಕೂಸು ಉಳಿಯಿತು. ನಳಕ್ಕೆ ಮತ್ತೆ ಕೀಲಿ ಬೀಳಲಿಲ್ಲ. ಊರು ಬದಲಾಯಿತು ಎಂದು ಬರೆದರೆ ಆಯಿ ಸುಡುಗಾಡಿನಿಂದ ಎದ್ದು ಬಂದು ಬೈದಾಳು. ಊರಿನ ಅರ್ಧ ಡಬ್ಬಿಗಳು ಗಿರಣಿಗೆ ಮರಳಿದವು, ಅರ್ಧ ಮರಳಲಿಲ್ಲ. ಆಯಿಯ ಮೈದುನರ ಮಕ್ಕಳು ಆಕೆಯ ಜೊತೆ ಮಾತು ಬಿಟ್ಟರು. ಮದುವೆ ಮುಂಜಿಗೆ ಕರೆಯುವುದು ನಿಂತಿತು. “ಚಲೋ ಆಯ್ತು, ಹೊಸಾ ಸೀರಿ ಉಳೀತು” ಎಂದಳೇ ಹೊರತು, ಕೊನೆಯವರೆಗೂ ಯಾರ ಮನೆಯ ಮೆಟ್ಟಿಲನ್ನೂ ರಾಜಿಗಾಗಿ ತುಳಿಯಲಿಲ್ಲ.

ಆಮೇಲೆ ನಾವು ಬೀದರಿಗೆ ಬಂದು ನೌಬಾದದಲ್ಲಿ ಮನೆ ಮಾಡಿದೆವು. ಊರಾಚೆಯ ಇಟ್ಟಂಗಿ ಭಟ್ಟಿಗಳಲ್ಲಿ ಪರರಾಜ್ಯದಿಂದ ಬಂದ ಜನ, ಸಾಲಿ ಕಾಣದ ಅವರ ಮಕ್ಕಳು. ನಾವೊಂದಷ್ಟು ಹೆಂಗಸರು ಸೇರಿ ಅವರ ಪರವಾಗಿ ಓಡಾಡತೊಡಗಿದೆವು. ಆಯಿಗೆ ಹೇಳಿದರೆ ಮೂಗು ಮುರಿದಳು: “ಮೀಟಿಂಗ್ ಮಾಡ್ತೀರಿ, ಚಹಾ ಕುಡೀತೀರಿ. ಯಾರರೆ ನಿಮ್ಮ ಮ್ಯಾಲ ಸಿಟ್ಟಾಗ್ಯಾರೇನು? ಇಲ್ಲಂದ್ರ ನೀವಿನ್ನಾ ಏನೂ ಮಾಡಿಲ್ಲ.”

ಆಕೆ ಹೋದದ್ದು ಸುಗ್ಗಿಯ ಕಾಲದಲ್ಲಿ. ನಾನು ಮಣ್ಣಿಗೆ ಹೋದಾಗ ಮೆಂಬರ ಆಗಲೇ ಬಂದು ನಿಂತಿದ್ದ. “ಶರಣ ತಾಯಿ” ಎಂದು ಶುರುಮಾಡಿದ. ಟೋಳಿಯ ಹೆಂಗಸರು ಕಬ್ಬಿನ ಮಸಿ ಹತ್ತಿದ ಕೈಗಳಲ್ಲೇ ದೂರ ನಿಂತಿದ್ದರು. ಹತ್ತಿರ ಬನ್ನಿ ಎಂದು ಅವನು ಕರೆಯಲಿಲ್ಲ. ಕಮಠಾಣದಾಕಿ ಭಾಷಣದ ನಡುವೆಯೇ ಹೋಗಿ ಅವರನ್ನು ಕೈ ಹಿಡಿದು ಮುಂದೆ ತಂದಳು. ಒಬ್ಬೊಬ್ಬರಾಗಿ ಮಣ್ಣು ಹಾಕಿದರು, ಪಾಳಿಯ ಪ್ರಕಾರ.

ಮೊನ್ನೆ ಭಟ್ಟಿಯ ಮಕ್ಕಳಿಗೆ ಸಾಲಿಯಲ್ಲಿ ಜಾಗ ಕೇಳಲು ಒಂದು ಕಚೇರಿಗೆ ಹೋಗಿದ್ದೆವು. ಕುರ್ಚಿಯಲ್ಲಿದ್ದವರು ತಲೆಯೆತ್ತದೆ, “ಇವತ್ತು ಇಲ್ಲಿ, ನಾಳೆ ಎಲ್ಲೋ. ಇಂಥವರಿಗೆಲ್ಲ ಎಲ್ಲಿಂದ ಜಾಗ ತರೋಣ? ಅಷ್ಟಕ್ಕೂ ಅವರು ನಿಮಗೇನಾಗಬೇಕು?” ಎಂದರು. “ಸಾಹೇಬರ, ದಯಮಾಡಿ...” ಎಂದು ಬೆಲ್ಲದ ಮಾತು ಬಾಯಿಗೆ ಬಂದಿತ್ತು. ಅಲ್ಲೇ ನುಂಗಿದೆ.

“ಪಾಳಿಯಾಗ ನಮ್ಮ ಹಿಂದ ನಿಂತಾವ್ರು” ಅಂದೆ. “ಜಾಗ ಸಿಗೋತನಕ ನಾವೂ ಇಲ್ಲೇ ನಿಂದ್ರತೇವಿ.”

ಅವರು ಸಿಟ್ಟಾದರು. ನನ್ನ ಮನಸ್ಸಿಗೆ ಸಮಾಧಾನವಾಯಿತು. ನೋಡಿದರೆ ನನ್ನ ತೋರುಬೆರಳು ಅವರ ಕಡೆ ಚಾಚಿತ್ತು. ನನ್ನದು ಇಡೀ ಬೆರಳು. ಆದರೂ ಆಯಿಯ ಅರ್ಧ ಬೆರಳು ಮುಟ್ಟುತ್ತಿದ್ದಷ್ಟು ದೂರ ಅದಿನ್ನೂ ಮುಟ್ಟುವುದಿಲ್ಲ.