ಐನಾಪುರದ ಸೊಸೆಗೆ ಹಸಿರು ಬಳೆ

ಶಹಾಬಾದ್ ಸ್ಟೇಷನ್ನಿಗೆ ನಾನೂ ನರಸಮ್ಮನೂ ಬಂದಾಗ ಬಿಸಿಲು ಇನ್ನೂ ಏರಿರಲಿಲ್ಲ. ನನ್ನ ಸೆರಗಿನ ಗಂಟಿನಲ್ಲಿ ಹೋಗಿ ಬರುವ ಟಿಕೇಟು ಎರಡು. ನರಸಮ್ಮನನ್ನು ಮನೆಯವರು ಸೇರಿಸಿಕೊಳ್ಳದಿದ್ದರೆ ವಾಪಸು ಕರೆತರಬೇಕಲ್ಲ, ಅದಕ್ಕೇ ನಮ್ಮ ಡಾಕ್ಟರಮ್ಮ ಅವಳಿಗೂ ಬರುವ ಟಿಕೇಟು ತೆಗೆಸಿದ್ದರು. ಗಾಯದ ಪಟ್ಟಿಯನ್ನೂ ಒಗೆದೊಗೆದು ನಾಲ್ಕು ಸಲ ಕಟ್ಟಿಸುವ ಹೆಂಗಸು ಅವರು. ಇದೊಂದಕ್ಕೆ ಮಾತ್ರ ಕೈ ಬಿಗಿ ಹಿಡಿಯಲಿಲ್ಲ.

ನಾನು ಮಿಷನ್ ದವಾಖಾನೆಯಲ್ಲಿ ಪಟ್ಟಿ ಕಟ್ಟುವವಳು, ರೋಗಿಗಳ ಬಳಿ ಕುಳಿತು ಬೈಬಲ್ ಓದುವವಳು. ವಿಧವೆ, ಬಾಯಿ ಸ್ವಲ್ಪ ಜೋರು. ನರಸಮ್ಮ ಚಿಂಚೋಳಿ ತಾಲೂಕಿನ ಐನಾಪುರದ ಸೊಸೆ. ಹೊಟ್ಟೆಪಾಡಿಗೆ ಗಂಡನ ಜೊತೆ ಶಹಾಬಾದಿನ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಖಣಿಗೆ ಬಂದಿದ್ದಳು. ಮೈಮೇಲೆ ಮಚ್ಚೆ ಕಂಡೊಡನೆ ಮೇಸ್ತ್ರಿ ಹೊರಗೆ ಹಾಕಿದ, ಗಂಡ ಊರಿಗೆ ಹೋದ. ಕುಷ್ಠವೆಂದರೆ ಯಾರು ಹತ್ತಿರ ಬರುತ್ತಾರೆ? ಆರು ವರ್ಷ ನಮ್ಮಲ್ಲಿದ್ದು, ಎಣ್ಣೆ ಮದ್ದಿನ ಸೂಜಿ ಚುಚ್ಚಿಸಿಕೊಂಡು ಗುಣವಾದಳು. ಬಲಗೈಯ ಎರಡು ಬೆರಳು ಮಾತ್ರ ಸೊಟ್ಟಗಾಗಿ ಜೋಮು ಹಿಡಿದೇ ಉಳಿದವು. ಗಂಡ ಮಾಳಪ್ಪ ಯಾರಿಂದಲೋ ಕಾಗದ ಬರೆಸಿದ್ದ. ಬಾ, ಆದರೆ ಒಳಗೆ ಕರೆಯುವುದು ಬಿಡುವುದು ಅವ್ವನ ಮಾತು ಎಂದಿತ್ತು ಅದರಲ್ಲಿ.

ವಾಡಿಯಲ್ಲಿ ಇಳಿದು ನಿಜಾಮರ ರೈಲು ಹತ್ತಿದೆವು. ಮೂರನೇ ದರ್ಜೆಯ ಡಬ್ಬಿ, ಕಾಲಿಡಲು ಜಾಗವಿಲ್ಲ. ಚಿತ್ತಾಪುರದಲ್ಲಿ ಒಬ್ಬಾಕೆ ಪೇರಲ ಹಣ್ಣು ಮಾರಲು ಬಂದಳು. ನರಸಮ್ಮ ಹಣ್ಣಿಗೆ ಕೈ ಒಡ್ಡಲಿಲ್ಲ, ಸೆರಗು ಒಡ್ಡಿದಳು. ಕೈ ಏನು ಕಳವು ಮಾಡಿದೆಯಾ ಎಂದು ಗದರಿದೆ. ಅವಳು ನಕ್ಕಳು.

ಸೇಡಂನಲ್ಲಿ ಇಳಿದಾಗ ಮಧ್ಯಾಹ್ನದ ಬಿಸಿಲು ಚುರುಗುಟ್ಟುತ್ತಿತ್ತು. ಐನಾಪುರಕ್ಕೆ ಎತ್ತಿನ ಗಾಡಿ, ನಿಜಾಮರ ನಾಣ್ಯ ಹಾಲಿ ಸಿಕ್ಕಾ ಮೂರು ರೂಪಾಯಿಗೆ ಮಾತಾಯಿತು. ಗಾಡಿಯವನು ನರಸಮ್ಮನನ್ನು ಮೇಲಿಂದ ಕೆಳಗೆ ನೋಡಿ, ಈಕೆಗೆ ಗಂಡ ಇದ್ದಾನೋ ಇಲ್ಲವೋ ಎಂದು ಕೇಳಿದ. ಇದ್ದಾನೆ, ಅವನ ಮನೆಗೇ ಹೊರಟಿದ್ದೇವೆ ಎಂದೆ.

“ಮತ್ತ ಬಿಳಿ ಸೀರಿ ಉಡಿಸಿ, ಬರಿಗೈಲೆ ಗಂಡನ ಮನಿಗಿ ಒಯ್ಲಿಕತ್ತೀರಲ್ರಿ ಅವ್ವಾರ? ನಾ ಗಾಡಿ ಹೂಡಂಗಿಲ್ಲ.”

ನನ್ನ ಮುಖಕ್ಕೆ ಹೊಡೆದಂತಾಯಿತು. ಗುಣವಾಗಿ ಹೊರಟವರಿಗೆಲ್ಲ ಹೊಸ ಬಿಳಿ ಸೀರೆ ಉಡಿಸುವುದು ನಮ್ಮ ಮಿಷನ್ನಿನ ರೂಢಿ. ಶುದ್ಧವಾದುದರ ಗುರುತು ಎಂದು ಹೆಮ್ಮೆಯಿಂದ ನಾನೇ ನೆರಿಗೆ ಹಿಡಿದಿದ್ದೆ. ನಾನೂ ದಿನಾ ಬಿಳಿಯನ್ನೇ ಉಡುವವಳು, ತಲೆಗೆ ಹೊಳೆಯಲೇ ಇಲ್ಲ. ಏಕೆ ಬಾಯಿ ಬಿಡಲಿಲ್ಲ ಎಂದು ನರಸಮ್ಮನ ಮೇಲೆ ಹರಿಹಾಯ್ದೆ. ನೀವು ಪ್ರೀತಿಯಿಂದ ಕೊಟ್ಟಿರಿ, ಬೇಡ ಎನ್ನಲು ಮನಸ್ಸು ಬರಲಿಲ್ಲ ಎಂದಳು. ಬುದ್ಧಿ ಕಲಿಸಲು ಹೊರಟ ನನಗೇ ಬುದ್ಧಿ ಇರಲಿಲ್ಲ ನೋಡಿ.

ಬಜಾರಿನಲ್ಲಿ ಹಸಿರು ಸೀರೆ ಕೊಂಡು ಅಲ್ಲೇ ಮರೆಯಲ್ಲಿ ಉಡಿಸಿದೆ. ಆಮೇಲೆ ಬಳೆ ಅಂಗಡಿಗೆ ಹೋದೆವು. ಬಳೆಗಾರ ಹಣ್ಣುಗಡ್ಡದ ಮುದುಕ. ನಮ್ಮ ಕಡೆ ಬಳೆ ಇಡುವವನೆಂದರೆ ತವರಿನವನಿದ್ದಂತೆ. ನರಸಮ್ಮ ಕೈ ಕೊಡಲು ಹಿಂಜರಿದಳು, ನಾನು ಮೊಣಕೈ ಹಿಡಿದು ಮುಂದೆ ಚಾಚಿಸಿದೆ. ಸೊಟ್ಟ ಬೆರಳ ಗೆಣ್ಣಿನ ಬಳಿ ಬಳೆ ಚಟ್ಟನೆ ಒಡೆದು ರಕ್ತ ಬಂತು. ಅವಳು ಎದುರಿನ ಅಂಗಡಿಯ ಕಡೆ ನೋಡುತ್ತಲೇ ಇದ್ದಳು.

ಮುದುಕ ಕೈ ಬಿಡದೆ ಅವಳ ಮುಖ ನೋಡಿದ. “ನೋಯ್ಲಿಲ್ಲೇನವ್ವ ನಿನಗ?”

ಏನಾದರೂ ನೆಪ ಹೇಳೋಣವೆಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಹೇಳಿಬಿಟ್ಟಳು. “ಅಲ್ಲಿ ತಿಳಿಯಂಗಿಲ್ಲಣ್ಣ. ದೊಡ್ಡ ರೋಗ ಆಗಿತ್ತು ನನಗ. ಈಗ ಆರಾಮ ಆಗ್ಯಾದ.”

ಬಳೆ ಇಡಿಸಿಕೊಳ್ಳಲು ಕುಳಿತಿದ್ದ ಇಬ್ಬರು ಹೆಂಗಸರು ಎದ್ದು ಹೋದರು. ಮುದುಕ ಹೆಗಲ ವಸ್ತ್ರದಿಂದ ರಕ್ತ ಒರೆಸಿದ, ಎಣ್ಣೆ ಹಚ್ಚಿದ, ದೊಡ್ಡ ಅಳತೆಯ ಬಳೆ ತೆಗೆದು ಒಂದೊಂದಾಗಿ ಏರಿಸಿದ. ಆಮೇಲೆ, “ಆ ಕೈನೂ ಕೊಡವ್ವ,” ಎಂದ. ಆರು ವರ್ಷ ದವಾಖಾನೆಯವರನ್ನು ಬಿಟ್ಟು ಬೇರೆ ಯಾರೂ ಮುಟ್ಟದ ಕೈ ಅದು. ನರಸಮ್ಮ ಅತ್ತಳು, ನಾನೂ ಅತ್ತೆ. ಗಾಡಿಯವನು ನಮ್ಮನ್ನು ಕೇಳದೆಯೇ ಎತ್ತು ಹೂಡಿದ.

ಚಿಂಚೋಳಿಯಲ್ಲಿ ಒಂದು ರಾತ್ರಿ ತಂಗಿ, ಮರುದಿನ ಊಟದ ಹೊತ್ತಿಗೆ ಐನಾಪುರ ತಲುಪಿದೆವು. ದಾರಿಯುದ್ದಕ್ಕೂ ನರಸಮ್ಮ ಬಳೆ ಎಣಿಸುತ್ತಿದ್ದಳು. ನಾನು ಮನಸ್ಸಿನಲ್ಲೇ ಪ್ರಾರ್ಥಿಸುತ್ತಿದ್ದೆ. ಓಣಿಯ ಜನ ಆಗಲೇ ಕೂಡಿದ್ದರು. ಮಾಳಪ್ಪ ಗೋಡೆಗೆ ಆತು ನಿಂತಿದ್ದ. ಅತ್ತೆ ಭೀಮವ್ವ ಹೊಸ್ತಿಲ ಮೇಲೆ ನಿಂತು, “ಅಲ್ಲೇ ನಿಂದ್ರು,” ಎಂದಳು.

ಆಮೇಲೆ ಕೈ ನೋಡಿ, “ಯಾರಿಟ್ರು ಬಳಿ?” ಎಂದು ಕೇಳಿದಳು.

“ಸೇಡಂ ಬಳಿಗಾರಣ್ಣ.”

“ರೋಗದ ಮಾತು ಹೇಳಿದ್ಯೇನು ಅವಂಗ?”

“ಹೇಳೀನತ್ತಿ. ಹೇಳಿದ ಮ್ಯಾಲೂ ಕೈ ಹಿಡದ.”

ಮುದುಕಿ ಸರಕ್ಕನೆ ಒಳಗೆ ಹೋದಳು. ಮುಗಿಯಿತು ಕಥೆ ಎಂದುಕೊಂಡು ನಾನು ಸೆರಗಿನ ಗಂಟು ಮುಟ್ಟಿ ನೋಡಿಕೊಂಡೆ. ಹೊರಗೆ ಬಂದಾಗ ಅವಳ ಒಂದು ಕೈಯಲ್ಲಿ ರೊಟ್ಟಿಯ ತುಣುಕು, ಇನ್ನೊಂದರಲ್ಲಿ ತಂಬಿಗೆ ನೀರು! ಹೊಸ ಸೊಸೆಗೆ ಮಾಡುವಂತೆ ರೊಟ್ಟಿ ನಿವಾಳಿಸಿ ಎಸೆದು, ಕಾಲಿಗೆ ನೀರು ಹಾಕಿದಳು. ಓಣಿಯವರ ಕಡೆ ತಿರುಗಿ, “ಬಳಿಗಾರ ಹಿಡದ ಕೈ ನಾ ಬಿಡ್ಲೇನು?” ಎಂದಳು.

ಅಂದು ರೊಟ್ಟಿ ಬಡಿದವಳು ನರಸಮ್ಮ. ಬೆರಳು ಸೊಟ್ಟಗಿದ್ದರೇನು, ಅಂಗೈಯಲ್ಲೇ ಬಡಿದಳು, ಬಳೆಯ ಸಪ್ಪಳ ಓಣಿಗೆಲ್ಲ ಕೇಳುತ್ತಿತ್ತು. ಊಟಕ್ಕೆ ಮುಂಚೆ ಪ್ರಾರ್ಥನೆ ಹೇಳುವುದು ನನ್ನ ಕೆಲಸ. ಅಂದು ನರಸಮ್ಮನೇ ನಾಲ್ಕು ಮಾತು ಹೇಳಿದಳು. ಭೀಮವ್ವ ಕಣ್ಣು ಬಿಟ್ಟುಕೊಂಡೇ ಕೇಳಿಸಿಕೊಂಡಳು, ಮೊದಲ ರೊಟ್ಟಿ ತಾನೇ ಮುರಿದು ಉಂಡಳು. ಉಪ್ಪು ಕಡಿಮೆ ಎಂದು ಗೊಣಗಿದಳು ಕೂಡ.

ನಾನೊಬ್ಬಳೇ ವಾಪಸು ಬರುವಾಗ ವಾಡಿಯಲ್ಲಿ ಟಿಕೇಟಿನವನು ಎರಡು ಟಿಕೇಟು ಕಂಡು, ಇನ್ನೊಬ್ಬರೆಲ್ಲಿ ಎಂದು ಕೇಳಿದ. ಮನೆಯಲ್ಲಿ ಉಳಿದಳು ಎಂದೆ, ಇಡೀ ಪ್ಲಾಟ್‌ಫಾರ್ಮಿಗೆ ಕೇಳುವಂತೆ. ಶಹಾಬಾದಿನಲ್ಲಿ ಆ ಉಳಿದ ಟಿಕೇಟನ್ನು ಡಾಕ್ಟರಮ್ಮನ ಮೇಜಿನ ಮೇಲಿಟ್ಟು, ಸೀರೆಯ ಕಥೆಯನ್ನೂ ಮುಚ್ಚುಮರೆಯಿಲ್ಲದೆ ಹೇಳಿದೆ. ಅವರು ಎದ್ದು ಬೀರು ತೆಗೆದು, ಗುಣವಾದವರಿಗೆಂದು ಕಟ್ಟಿಟ್ಟಿದ್ದ ಬಿಳಿ ಸೀರೆಗಳನ್ನೆಲ್ಲ ನನ್ನ ಮಡಿಲಿಗೆ ಹಾಕಿ, ಗಾಯದ ಪಟ್ಟಿಗೆ ಹರಿದುಕೋ ಎಂದರು.